ಕಾಲು ಮುಂದಾಗಿ ಹುಟ್ಟಿದವಳು ಹಚ್ಚಿದ ಎಣ್ಣೆ

ನನ್ನ ಬಲಗಾಲಿಗೆ ಶಕ್ತಿ ಇದೆ ಎಂದು ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರಿಗೂ ಗೊತ್ತಿತ್ತು. ನಾನು ತಾಯಿಯ ಹೊಟ್ಟೆಯಿಂದ ತಲೆಯ ಬದಲು ಕಾಲು ಮುಂದೆ ಮಾಡಿ ಬಂದವಳಂತೆ. ಇಂಥವರ ಕಾಲು ತಾಗಿದರೆ ಹಿಡಿದ ಸೊಂಟ ಬಿಡುತ್ತದೆ ಎಂದು ನಮ್ಮ ಉಡುಪಿ ಕಡೆಯವರು ಹೇಳುತ್ತಾರೆ. ಇಲ್ಲಿಯ ಮರಾಠಿಯವರೂ ಅದನ್ನೇ ಹೇಳುತ್ತಾರೆ, ಪಾಯಾಳು ಎಂದು ಹೆಸರೂ ಇಟ್ಟಿದ್ದಾರೆ. ಮೂರ್ಖತನದ ವಿಷಯದಲ್ಲಿ ಎರಡು ರಾಜ್ಯಗಳ ನಡುವೆ ಗಡಿ ತಕರಾರು ಇಲ್ಲ.

ಬೆಳಿಗ್ಗೆ ಕುಕ್ಕರ್ ಇಟ್ಟಿರುವಾಗಲೇ ಬಾಗಿಲು ಬಡಿಯುತ್ತಿದ್ದರು. "ವಹಿನಿ, ಝರಾ ಪಾಯ್ ಲಾವಾ ನಾ", ಅತ್ತಿಗೆ, ಸ್ವಲ್ಪ ಕಾಲು ತಾಗಿಸಿ ಎಂದು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ನಾನು ಗ್ಯಾಸು ಸಣ್ಣ ಮಾಡಿ, ಕಾಲು ತೊಳೆದು, ಸೊಂಟಕ್ಕೆ ಮೂರು ಸಲ ತಾಗಿಸಿ ಕಳಿಸುತ್ತಿದ್ದೆ. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ರಿಟೈರ್ ಆದ ಗಂಡಸರೂ ಬಂದದ್ದುಂಟು. "ಎಂತ ಕರ್ಮ ಇದು" ಎಂದು ಮನೆಯಲ್ಲಿ ಗೊಣಗುತ್ತಿದ್ದೆ. ಸುಳ್ಳು ಗೊಣಗಾಟ. ಒಳಗೊಳಗೇ ನನಗೆ ಖುಷಿಯೇ ಇತ್ತು. ಇಪ್ಪತ್ತೈದು ವರ್ಷ ಬೇಯಿಸಿ ಬಡಿಸಿದ್ದಕ್ಕೆ ಯಾರೂ ನನಗೆ ಕೈ ಮುಗಿದಿಲ್ಲ. ಒದ್ದದ್ದಕ್ಕೆ ಮುಗಿದಿದ್ದಾರೆ.

ಹೋದ ಮಳೆಗಾಲ ಮುಗಿಯುತ್ತಾ ಬಂದಿದ್ದ ಒಂದು ಆದಿತ್ಯವಾರ ಭಾವನ ಫೋನು ಬಂತು. ಭಾವ ಎಂದರೆ ನನ್ನ ಗಂಡನ ಅಣ್ಣ. ಠಾಣೆಯ ಕೋಪರಿಯಲ್ಲಿ, ಸ್ಟೇಶನ್ನಿಗೆ ಹತ್ತಿರವೇ ಮನೆ. ಒಂದು ಹೋಟೆಲಿನ ಗಲ್ಲಾದಲ್ಲಿ ಕೂತು ಮೂವತ್ತು ವರ್ಷ ಗಿರಾಕಿಗಳಿಗೆ ಹೇಗೆ ಬದುಕಬೇಕು ಎಂದು ಹೇಳಿ ಹೇಳಿ, ಲೋಕದಲ್ಲಿ ತನಗೆ ತಿಳಿಯದ್ದು ಯಾವುದೂ ಇಲ್ಲ ಎಂಬ ತೀರ್ಮಾನಕ್ಕೆ ಬಂದವರು.

"ಹೋಯ್, ನಿನ್ನ ಅಕ್ಕನಿಗೆ ಆಯ್ತು ಮಾರಾಯ್ತಿ" ಎಂದರು. ಅಕ್ಕ ಎಂದರೆ ಅವರ ಹೆಂಡತಿ, ನನ್ನ ಓರಗಿತ್ತಿ. ನಾನು ಅವಳನ್ನು ಅಕ್ಕ ಎಂದೇ ಕರೆಯುವುದು.

"ಎಂತ ಆಯ್ತು ಭಾವ?"

"ಹೆಸರು ಹೇಳ್ಲಿಕ್ಕಿಲ್ಲ."

"ಹೆಸರು ಹೇಳದೆ ನಾನು ಎಂತ ತಿಳ್ಕೊಳ್ಳುದು?"

"ಅದೇ. ಸುತ್ತುದು. ಹಣೆಯಲ್ಲಿ ಬಂದದೆ. ನೀನು ಸಂಜೆ ಬಾ, ಬರುವಾಗ ಗರಿಕೆ ತಾ. ನಿನ್ನಿಂದಲೇ ಆಗ್ಬೇಕು."

ಸರ್ಪಸುತ್ತು. ಮೈಯ ಒಂದೇ ಪಕ್ಕದಲ್ಲಿ ಸಾಲು ಹಿಡಿದು ನೀರುಗುಳ್ಳೆ ಏಳುವ, ಬೆಂಕಿ ಇಟ್ಟ ಹಾಗೆ ಉರಿಯುವ ಕಾಯಿಲೆ. ಆ ಸಾಲು ಹಾವಂತೆ, ಅದಕ್ಕೆ ಹೆಡೆ, ಬಾಲ ಎರಡೂ ಉಂಟಂತೆ, ಮೈ ಸುತ್ತಿ ಬಂದು ಎರಡೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲವಂತೆ. ಎಲ್ಲ ನಾಗನ ಸಿಟ್ಟು ಎನ್ನುತ್ತಾರೆ. ನಾನು ನಾಗನಿಗೆ ನಡೆದುಕೊಳ್ಳುವವಳು. ಪಂಚಮಿಯ ದಿನ ಉಪವಾಸ ಇದ್ದು ಹಾಲೆರೆಯುತ್ತೇನೆ. ಅದಕ್ಕೇ ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಆ ದೇವರಿಗೆ ಬೇರೆ ಕೆಲಸವಿಲ್ಲವೇ? ಕೋಪರಿಯಲ್ಲಿ ಎರಡು ಮಾಳಿಗೆ ಹತ್ತಿ, ಬ್ಲೌಸಿಗೆ ಹುಕ್ಕು ಇಡುತ್ತಾ ಕುಳಿತ ಹೆಂಗಸಿನ ಹಣೆಯನ್ನು ಹುಡುಕಿಕೊಂಡು ಬರುವಷ್ಟು ಪುರುಸೊತ್ತು ಅವನಿಗಿದೆಯೇ? ದೇವರನ್ನು ಬಯ್ಯುವವರಿಗಿಂತ ದೇವರ ಮೇಲೆ ಇಂಥ ಅಪವಾದ ಹೊರಿಸಿ ಮತ್ತೆ ಅಡ್ಡಬೀಳುವವರೇ ಅಸಹ್ಯ.

ಇಷ್ಟೆಲ್ಲ ಅನಿಸಿತು. ಆದರೂ ಹೊರಟೆ. "ನಿನ್ನಿಂದಲೇ ಆಗ್ಬೇಕು" ಎಂದಿದ್ದರಲ್ಲ.

ನನ್ನ ಮಗಳು ಕಾಲೇಜಿಗೆ ಹೋಗುವವಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿ ತೆರೆದರೆ ಹಿಂದಿ. ಮೊಬೈಲಿನಿಂದ ತಲೆ ಎತ್ತದೆ ಹೇಳಿದಳು: "ಅಮ್ಮಾ, ಸಾಂಪ್ ವಾಂಪ್ ಕುಛ್ ನಹೀ ಹೋತಾ. ವೈರಸ್ ಹೈ, ಚಿಕನ್‌ಪಾಕ್ಸ್ ವಾಲಾ. ಡಾಕ್ಟರ್ ಕೋ ದಿಖಾವೋ, ಜಲ್ದಿ." ಹಾವುಗೀವು ಏನೂ ಇಲ್ಲ, ಚಿಕನ್‌ಪಾಕ್ಸಿನ ವೈರಸ್ಸು, ಬೇಗ ಡಾಕ್ಟರಿಗೆ ತೋರಿಸಿ ಎಂದು.

"ಆಯ್ತು ಡಾಕ್ಟರಮ್ಮ, ಮೊದಲು ನಿನ್ನ ತಟ್ಟೆ ತೊಳಿ" ಎಂದೆ. ಹದಿನೆಂಟು ವರ್ಷದ ಹುಡುಗಿಗೆ ಗೊತ್ತಿದ್ದದ್ದನ್ನು ನಾನು ತಟ್ಟೆಯ ಲೆಕ್ಕಕ್ಕೆ ತಳ್ಳಿಬಿಟ್ಟೆ.

ಸ್ಟೇಶನ್ ಹೊರಗೆ ಗಣಪತಿಗೆಂದು ದೂರ್ವಾ ಮಾರುವವಳ ಹತ್ತಿರ ಗರಿಕೆ ತೆಗೆದುಕೊಂಡೆ. ಲೇಡೀಸ್ ಡಬ್ಬಿಯಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಆದಿತ್ಯವಾರವೂ ಡೊಂಬಿವಲಿಯಲ್ಲಿ ಕಿಟಕಿ ಸೀಟು ಸಿಗುವುದೆಂದರೆ ಸಣ್ಣ ವರವಲ್ಲ. ಕೂತಲ್ಲೇ ಕೈ ಮುಗಿದೆ. ಕೆಲಸ ಸುಸೂತ್ರ ಆಗುತ್ತದೆ ಎನ್ನುವುದಕ್ಕೆ ದೇವರು ಕೊಟ್ಟ ಸೂಚನೆ ಅದು ಎಂದುಕೊಂಡೆ. ಅವನು ಕೊಟ್ಟದ್ದು ಬರೀ ಕೂರುವ ಜಾಗ. ಉಳಿದದ್ದನ್ನು ನಾನೇ ಸೇರಿಸಿಕೊಂಡದ್ದು.

ಓರಗಿತ್ತಿ ಹೊಲಿಗೆಯ ಮಿಷಿನ್ನಿನ ಪಕ್ಕದಲ್ಲೇ ಚಾಪೆ ಹಾಕಿ ಮಲಗಿದ್ದಳು. ಅವಳು ಬ್ಲೌಸು ಹೊಲಿಯುವವಳು. ಅವಳ ಕೈಯ ಕಟಿಂಗಿಗಾಗಿ ಮುಲುಂಡಿನಿಂದ, ಕಲ್ಯಾಣದಿಂದ ಹೆಂಗಸರು ಬರುತ್ತಾರೆ. ಕೈ ಹೊಲಿಗೆಯಂತೂ ಮಿಷಿನ್ನಿನದೋ ಕೈಯದೋ ಎಂದು ತಿರುಗಿಸಿ ನೋಡಬೇಕು, ಅಷ್ಟು ಸಣ್ಣ. ಹಣೆಯ ಬಲಭಾಗ, ಕೂದಲಿನ ಬುಡದಿಂದ ಹುಬ್ಬಿನ ತನಕ, ಕೆಂಪಾಗಿ ಊದಿ ಅದರ ಮೇಲೆ ಗುಳ್ಳೆಗಳ ಗೊಂಚಲು. ಎಡಭಾಗ ನುಣ್ಣಗೆ. ನಡುವೆ ಗೆರೆ ಎಳೆದ ಹಾಗಿತ್ತು.

"ಎರಡು ದಿನ ತಲೆ ಸಿಡೀತಿತ್ತು. ಕನ್ನಡಕದ ನಂಬರು ಬದಲಾಯ್ತು ಅಂದ್ಕೊಂಡೆ. ಇವತ್ತು ಬೆಳಿಗ್ಗೆ ನೋಡಿದ್ರೆ ಇದು" ಎಂದಳು.

"ಡಾಕ್ಟರಿಗೆ ತೋರಿಸ್ಲಿಲ್ವಾ?"

"ಇದಕ್ಕೆ ಡಾಕ್ಟ್ರ ಹತ್ರ ಎಂತ ಉಂಟು?" ಎಂದು ಭಾವ ಒಳಗಿನಿಂದ ಬಾಟಲಿ ಹಿಡಿದು ಬಂದರು. ಕಾರ್ಖಾನೆಗಳಿರುವ ವಾಗ್ಳೆ ಎಸ್ಟೇಟಿನ ಒಂದು ಕ್ಯಾಂಟೀನಿನಲ್ಲಿ ಅವರ ಗುರ್ತದ ಅಡುಗೆಯವನೊಬ್ಬ ಇದ್ದಾನೆ. ಅವನ ಅಜ್ಜನಿಂದ ಬಂದ ಎಣ್ಣೆಯಂತೆ. ಬೇವು, ಹೊಂಗೆ, ಇನ್ನೊಂದು ಬೇರು. ಆ ಬೇರಿನ ಹೆಸರು ಹೇಳಿದರೆ ಎಣ್ಣೆಯ ಶಕ್ತಿ ಹೋಗುತ್ತದಂತೆ. ಬಾಟಲಿ ಮಾತ್ರ ವಿಸ್ಕಿಯ ಕ್ವಾರ್ಟರು, ಲೇಬಲ್ ಕೆರೆದದ್ದು ಅರ್ಧ ಉಳಿದಿತ್ತು. ಅದರಿಂದ ಶಕ್ತಿಗೆ ಏನೂ ಬಾಧೆ ಇಲ್ಲ.

ನಿಯಮಗಳನ್ನು ಭಾವ ಮೆನು ಹೇಳಿದ ಹಾಗೆ ಹೇಳಿದರು. ಮೂರು ಸಂಜೆ ಹಚ್ಚಬೇಕು. ಕಾಲು ಮುಂದಾಗಿ ಹುಟ್ಟಿದ ಹೆಂಗಸೇ ಹಚ್ಚಬೇಕು. ಗರಿಕೆಯಿಂದಲೇ ಹಚ್ಚಬೇಕು, ಬಾಲದಿಂದ ಹೆಡೆಯ ಕಡೆಗೆ. ಐದು ದಿನ ಸ್ನಾನ ಇಲ್ಲ. ಉಪ್ಪು ಇಲ್ಲ. ಇಂಗ್ಲಿಷ್ ಮದ್ದು ಬಾಯಿಗೆ ಹಾಕಿದರೆ ಎಣ್ಣೆ ಕೆಲಸ ಮಾಡುವುದಿಲ್ಲ. ಯಾರೂ ಕಾಯಿಲೆಯ ಹೆಸರಾಗಲಿ ಎಣ್ಣೆಯ ಹೆಸರಾಗಲಿ ಎತ್ತಬಾರದು.

"ಹೆಡೆ ಯಾವ ಕಡೆ ಭಾವ?"

"ಕಣ್ಣಿನ ಕಡೆ. ಬಾಲ ಕೂದಲೊಳಗೆ ಉಂಟು."

ಕ್ಯಾಂಟೀನಿನವನು ಇದನ್ನು ಫೋಟೋದಲ್ಲಿ ನೋಡಿ ಹೇಳಿದ್ದಂತೆ. ಹಾವಿನ ಹೆಡೆಯನ್ನು ವಾಟ್ಸಾಪಿನಲ್ಲಿ ಗುರುತಿಸುವ ವಿದ್ಯೆ ಅವನ ಅಜ್ಜನಿಗೂ ಇದ್ದಿರಲಾರದು.

ನಾನು ಕಾಲು ತೊಳೆದು ಬಂದೆ. ಕೈ ತೊಳೆಯಬೇಕು ಎಂದು ಯಾರಿಗೂ ಹೊಳೆಯಲಿಲ್ಲ, ನನಗೂ. ಗರಿಕೆಯನ್ನು ಎಣ್ಣೆಯಲ್ಲಿ ಅದ್ದಿ ಕೂದಲಿನ ಬುಡದಿಂದ ಹುಬ್ಬಿನ ತನಕ ಎಳೆದೆ. ಕಪ್ಪು ಎಣ್ಣೆ, ಸುಟ್ಟ ರಬ್ಬರಿನ ವಾಸನೆ. ಅವಳು ಹಲ್ಲು ಕಚ್ಚಿ ನನ್ನ ಸೆರಗಿನ ತುದಿ ಹಿಡಿದುಕೊಂಡಳು. ಒಂದು ಹನಿ ರೆಪ್ಪೆಯ ಮೇಲೆ ಇಳಿಯಿತು. ನಾನು ಅದನ್ನು ಸೆರಗಿನಿಂದ ಒರೆಸಿದೆ. ಟ್ರೇನಿನಲ್ಲಿ ನಾಲ್ಕು ಜನರ ಬೆನ್ನಿಗೆ ಉಜ್ಜಿ ಬಂದಿದ್ದ ಸೆರಗು.

"ತಂಪಾಯ್ತಾ ಅಕ್ಕ?"

"ಹ್ಞೂ" ಎಂದಳು. ಆಮೇಲೆ ಭಾವ ಒಳಗೆ ಹೋದ ಮೇಲೆ ಮೆಲ್ಲಗೆ, "ಉರಿ ಇನ್ನೂ ಜಾಸ್ತಿ ಆಯ್ತು. ಹೇಳ್ಬೇಡ, ನಿಯಮ ಮುರಿದದ್ದಕ್ಕೆ ಅಂತಾರೆ" ಎಂದಳು.

ಮರುದಿನ ಬೆಳಿಗ್ಗೆ ಗಂಡ ಆಫೀಸಿಗೆ ಹೋದ ಮೇಲೆ ಉಡುಪಿಗೆ ಅಮ್ಮನಿಗೆ ಫೋನು ಮಾಡಿದೆ. ವಾರಕ್ಕೊಮ್ಮೆ ಮಾಡುವುದೇ. ಸ್ವಲ್ಪ ಜಂಬದಿಂದಲೇ ಹೇಳಿದೆ, "ನಿನ್ನ ಮಗಳ ಕಾಲಿಗೆ ಈಗ ಠಾಣೆಯಿಂದಲೂ ಕರೆ ಬರ್ತದೆ."

ಅಮ್ಮ ನಕ್ಕರು. ಎಂಬತ್ತು ದಾಟಿದ ಮೇಲೆ ಅವರಿಗೆ ಯಾವುದನ್ನೂ ಮುಚ್ಚಿಡುವ ಉಸಾಬರಿ ಬೇಡವಾಗಿದೆ. "ಅಯ್ಯೋ ಮಗಾ, ಇನ್ನೂ ಅದನ್ನು ಹಿಡ್ಕೊಂಡಿದ್ದೀಯಾ? ಕಾಲು ಮುಂದೆ ಬಂದದ್ದು ನಿನ್ನ ತಂಗಿ. ನೀನು ಸರಿಯಾಗಿಯೇ ಬಂದವಳು."

"ಮತ್ತೆ ನನ್ನನ್ನು ಯಾಕೆ ಕಳಿಸ್ತಿದ್ದೆ ಎಲ್ಲರ ಮನೆಗೆ?"

"ಜನ ಬಂದು ಕೇಳಿದ್ರೆ ಯಾರನ್ನಾದ್ರೂ ಕಳಿಸ್ಬೇಕಲ್ಲ. ಅವಳಿಗೆ ಓದ್ಲಿಕ್ಕಿತ್ತು. ನೀನು ಹೇಗೂ ಮನೆಯಲ್ಲೇ ಇದ್ದೆ."

ತಂಗಿ ಈಗ ಬೇಲಾಪುರದ ಒಂದು ಸರಕಾರಿ ಕಚೇರಿಯಲ್ಲಿ ಅಧಿಕಾರಿ. ಅವಳ ಕಾಲಿಗೆ ಶೂಸು ಇದೆ, ಎದುರಿಗೆ ಮೇಜು ಇದೆ. ನನ್ನ ಕಾಲಿಗೆ ಬೇರೆಯವರ ಸೊಂಟ. ನಾಲ್ವತ್ತು ವರ್ಷ ಈ ಒಂದು ಸುಳ್ಳಿನ ಮೇಲೆ ನಾನು ಎಷ್ಟು ಮರ್ಯಾದೆ ಸಂಪಾದಿಸಿದ್ದೆ! ಅಮ್ಮನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದವರ ಮೇಲೆ. ಎಲ್ಲರಿಗೂ ಸೊಂಟ ಬಿಟ್ಟಿತ್ತಲ್ಲ! ತಪ್ಪು ಕಾಲಿನಿಂದಲೇ ವಾಸಿಯಾಗುವ ಕಾಯಿಲೆ ಎಂಥ ಕಾಯಿಲೆ, ಅದನ್ನು ವಾಸಿ ಮಾಡಿದ್ದೇನೆ ಎಂದು ಎದೆ ಉಬ್ಬಿಸಿದ ನಾನೆಂಥ ಹೆಂಗಸು.

ಸಂಜೆ ಬೇಗನೆ ಹೊರಟೆ. ವಿಷಯ ಹೇಳಿಬಿಡುವುದು, ಅಲ್ಲಿಗೆ ಈ ಎಣ್ಣೆಯ ಆಟ ಮುಗಿಯುತ್ತದೆ, ಅಕ್ಕನನ್ನು ಡಾಕ್ಟರಿಗೆ ಕರೆದುಕೊಂಡು ಹೋಗಬಹುದು ಎಂದು ಲೆಕ್ಕ ಹಾಕಿದ್ದೆ.

ಓರಗಿತ್ತಿ ಎದ್ದು ಮಿಷಿನ್ನಿನ ಮುಂದೆ ಕೂತಿದ್ದಳು. ಒಂದು ಮದುವೆಯ ಬ್ಲೌಸುಗಳು ಆ ವಾರ ಕೊಡಬೇಕಿತ್ತು, ಹುಕ್ಕು ಇಡುವುದಷ್ಟೇ ಬಾಕಿ. ಬಲಗಣ್ಣಿನ ರೆಪ್ಪೆ ಊದಿ ಅರ್ಧ ಮುಚ್ಚಿತ್ತು. ಮೂಗಿನ ತುದಿಯ ಹತ್ತಿರ ಹೊಸದಾಗಿ ಎರಡು ಗುಳ್ಳೆ ಎದ್ದಿದ್ದವು. ಒಣಗಿದ ಎಣ್ಣೆ ಹಣೆಯ ಮೇಲೆ ಟಾರಿನ ಹಾಗೆ ಅಂಟಿತ್ತು.

"ಭಾವ, ನಾನು ಕಾಲು ಮುಂದಾಗಿ ಹುಟ್ಟಿದವಳಲ್ಲ" ಎಂದೆ, ಚಪ್ಪಲಿ ಬಿಡುವ ಮೊದಲೇ. ಅಮ್ಮ ಹೇಳಿದ್ದನ್ನೆಲ್ಲ ಹೇಳಿದೆ.

ಭಾವ ಸ್ವಲ್ಪ ಹೊತ್ತು ನನ್ನ ಕಾಲನ್ನೇ ನೋಡಿದರು, ಹೋಟೆಲಿನಲ್ಲಿ ಖೋಟಾ ನೋಟು ಸಿಕ್ಕಿದ ಹಾಗೆ. "ಛೆ! ಅದಕ್ಕೇ ಹೆಡೆ ಮುಂದೆ ಹೋದದ್ದು! ನಾನು ನೋಡಿಯೇ ಹೇಳಿದೆ, ಎಲ್ಲೋ ತಪ್ಪಿದೆ ಅಂತ."

"ಹಾಗಾದ್ರೆ ಡಾಕ್ಟ್ರ ಹತ್ರ..."

"ನಿನ್ನ ತಂಗಿ ಅಲ್ವಾ ಮತ್ತೆ ಕಾಲು ಮುಂದೆ? ಅವಳ ಆಫೀಸು ಬೇಲಾಪುರ. ಆರು ಗಂಟೆಗೆ ಬಿಟ್ರೆ ಏಳೂವರೆಗೆ ಠಾಣೆ. ನಂಬರು ಕೊಡು. ಮೊದಲಿಂದ ಶುರು ಮಾಡುವ, ಮೂರು ಸಂಜೆ. ನಿನ್ನೆಯದ್ದು ಲೆಕ್ಕಕ್ಕಿಲ್ಲ."

ನಾನು ಸತ್ಯ ಹೇಳಿದರೆ ಎಣ್ಣೆ ಸಾಯುತ್ತದೆ ಎಂದುಕೊಂಡಿದ್ದೆ. ಅದಕ್ಕೆ ಇನ್ನೂ ಮೂರು ದಿನದ ಆಯುಷ್ಯ ಸಿಕ್ಕಿತು. ಇಂಥ ನಂಬಿಕೆಗೆ ಸೋಲೇ ಇಲ್ಲ. ವಾಸಿಯಾದರೆ ಎಣ್ಣೆಯಿಂದ, ಆಗದಿದ್ದರೆ ನನ್ನಿಂದ. ಹಚ್ಚಿದವಳ ಕಾಲು ಸರಿಯಿದ್ದರೆ ಗರಿಕೆ ಬಾಡಿತ್ತು, ಗರಿಕೆ ಸರಿಯಿದ್ದರೆ ರೋಗಿಯ ಬಾಯಿಗೆ ಎಲ್ಲೋ ಉಪ್ಪು ಬಿದ್ದಿತ್ತು. ಭಾವ ಮೊಬೈಲು ತೆಗೆದು ಕ್ಯಾಂಟೀನಿನವನಿಗೇ ಫೋನು ಹಚ್ಚಿದರು, ತಪ್ಪು ಕಾಲಿಗೆ ಪರಿಹಾರ ಏನು ಎಂದು ಕೇಳಲು. ಆ ಕಡೆಯಿಂದ ಪಾತ್ರೆ ಬೀಳುವ ಸದ್ದು ನನಗೂ ಕೇಳುತ್ತಿತ್ತು.

ನಾವು ಮಾತಾಡುವಷ್ಟು ಹೊತ್ತೂ ಓರಗಿತ್ತಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ನಾನು ಅದನ್ನು ತಡವಾಗಿ ಗಮನಿಸಿದೆ. ದಾರದ ತುದಿಯನ್ನು ನಾಲಗೆಗೆ ತಾಗಿಸಿ ಚೂಪು ಮಾಡಿ, ಸೂಜಿಯನ್ನು ಬೆಳಕಿಗೆ ಹಿಡಿದು, ತಳ್ಳುತ್ತಿದ್ದಳು. ದಾರ ಸೂಜಿಯ ಆಚೆ ಹೋಗುತ್ತಿತ್ತು. ಮತ್ತೆ. ಮತ್ತೆ ಈಚೆ. ಟ್ರೇನಿನಲ್ಲಿ ನಿಂತುಕೊಂಡೇ ದಾರ ಪೋಣಿಸಬಲ್ಲವಳು ಅವಳು, ನಾನೇ ಕಂಡಿದ್ದೇನೆ.

"ಎರಡು ಸೂಜಿ ಕಾಣ್ತದೆ ನಂಗೆ" ಎಂದಳು. ಜೋರಾಗಿ ಅಲ್ಲ. ತರಕಾರಿ ಮುಗಿದಿದೆ ಎನ್ನುವ ಹಾಗೆ.

ಭಾವ ಫೋನಿನಲ್ಲೇ ಕೈ ಎತ್ತಿ ಸುಮ್ಮನಿರು ಎಂದು ಸನ್ನೆ ಮಾಡಿದರು.

ಅವಳು ಸೂಜಿಯನ್ನು ಪಿನ್ನಿನ ದಿಂಬಿಗೆ ಚುಚ್ಚಿ ಎದ್ದಳು. ಇಪ್ಪತ್ತೈದು ವರ್ಷದಲ್ಲಿ ಅವಳು ಗಂಡನಿಗೆ ಎದುರಾಡಿದ್ದನ್ನು ನಾನು ಕೇಳಿರಲಿಲ್ಲ. ಅಂದೂ ದನಿ ಏರಲಿಲ್ಲ.

"ಫೋನು ಇಡಿ. ಇಷ್ಟು ವರ್ಷ ನಿಮ್ಮ ಮಾತಿಗೆ ಇಲ್ಲ ಹೇಳ್ಲಿಲ್ಲ ನಾನು. ಈ ಕಣ್ಣು ಹೋದ್ರೆ ನಾನು ಎಂತ ಮಾಡುದು, ನಿಮ್ಮ ಹೋಟ್ಲಲ್ಲಿ ಬಟಾಟೆ ಸುಲಿಯುದಾ? ಹೋಗುವ ನಡಿಯೇ."

ಕೊನೆಯ ಮಾತು ನನಗೆ. ನಾನು ಚಪ್ಪಲಿ ಇನ್ನೂ ಬಿಟ್ಟಿರಲಿಲ್ಲ, ಅದೂ ಒಂದು ಪುಣ್ಯ.

ಕಣ್ಣಿನ ಡಾಕ್ಟರು ಸ್ಟೇಶನ್ನಿನ ಆಚೆ. ಪೀಕ್ ಟೈಮು. ಮೊದಲನೇ ರಿಕ್ಷಾದವನೇ ಇಲ್ಲ ಎನ್ನದೆ ಹತ್ತಿಸಿಕೊಂಡ. ಠಾಣೆಯಲ್ಲಿ ಅದು ನಡೆಯುವುದು ದೇವರು ಸ್ವತಃ ಮನಸ್ಸು ಮಾಡಿದರೆ ಮಾತ್ರ. ಭಾವ ಬರಲಿಲ್ಲ. ಮನೆಯಲ್ಲಿ ಯಾರಾದರೂ ಎಣ್ಣೆ ಕಾಯಬೇಕಲ್ಲ.

ಡಾಕ್ಟರು ಮರಾಠಿ ಹೆಂಗಸು, ನಮಗಿಂತ ಚಿಕ್ಕವರು. ಹಣೆ ನೋಡಿ ಮೂಗು ಸೊಟ್ಟ ಮಾಡಿದರು. "ಹೇ ಕಾಯ್ ಲಾವಲಂಯ್?" ಇದೇನು ಹಚ್ಚಿದ್ದು ಎಂದು.

"ತೇಲ್" ಎಂದಳು ಓರಗಿತ್ತಿ.

"ಕಸಲಂ ತೇಲ್?" ಎಂಥ ಎಣ್ಣೆ ಎಂದು ಕೇಳಿದರು.

"ನಾವ್ ಘ್ಯಾಯಚಂ ನಾಹೀ." ಹೆಸರು ಹೇಳಬಾರದು! ಕಣ್ಣು ಹೋಗುತ್ತಿದ್ದಾಗಲೂ ಅವಳ ಬಾಯಿ ನಿಯಮ ಪಾಲಿಸುತ್ತಿತ್ತು. ಡಾಕ್ಟರು ನನ್ನ ಮುಖ ನೋಡಿದರು. ನಾನು ಎಲ್ಲವನ್ನೂ ಹೇಳಿದೆ, ಬೇವು, ಹೊಂಗೆ, ಕ್ವಾರ್ಟರು ಬಾಟಲಿ, ಕಾಯಿಲೆಯ ಹೆಸರು ಸಹಿತ. ನನ್ನ ಕಾಲಿನ ವಿಷಯ ಮಾತ್ರ ಹೇಳಲಿಲ್ಲ. ಅಷ್ಟು ಮಾನ ಉಳಿಸಿಕೊಂಡೆ.

ಅವರು ನೀರಿನಲ್ಲಿ ಅದ್ದಿದ ಹತ್ತಿಯಿಂದ ಎಣ್ಣೆಯನ್ನು ತುಂಬ ಹೊತ್ತು ನಿಧಾನವಾಗಿ ತೆಗೆದರು. ನಾನು ಬಾಲದಿಂದ ಹೆಡೆಗೆ ಎಳೆದದ್ದನ್ನು ಅವರು ಹೇಗೆ ಬೇಕೋ ಹಾಗೆ ಒರೆಸಿ ಬಿಸಾಡಿದರು. ಯಾವ ಹಾವೂ ಬುಸ್ ಎನ್ನಲಿಲ್ಲ. ಆಮೇಲೆ ಕಣ್ಣಿಗೆ ಹಳದಿ ಬಣ್ಣದ ಹನಿ ಬಿಟ್ಟು, ಯಂತ್ರದ ಮೇಲೆ ಗಲ್ಲ ಇಡಿಸಿ ನೋಡಿ ಹೇಳಿದರು. ಚಿಕ್ಕಂದಿನಲ್ಲಿ ಬಂದುಹೋದ ಕೊಟ್ಲೆಯ, ಅಂದರೆ ಚಿಕನ್‌ಪಾಕ್ಸಿನ, ವಿಷವೇ ನರದಲ್ಲಿ ಅಡಗಿದ್ದು ಈಗ ಎದ್ದಿದೆ. ಮೂಗಿನ ತುದಿಗೆ ಗುಳ್ಳೆ ಬಂತೆಂದರೆ ಕಣ್ಣಿಗೂ ಇಳಿಯುವ ಸಂಭವ ಹೆಚ್ಚು, ಏಕೆಂದರೆ ಎರಡಕ್ಕೂ ಒಂದೇ ನರ. ಇಳಿದಿದೆ ಕೂಡ, ಕರಿಗುಡ್ಡೆಯ ಮೇಲೆ ಗೀರು ಬಿದ್ದ ಹಾಗಿದೆ. ಮಾತ್ರೆ ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, ಮೂರು ದಿನದೊಳಗೆ ಆದರೆ ಭರವಸೆ ಹೆಚ್ಚು.

"ಗುಳ್ಳೆ ಎದ್ದು ಎಷ್ಟು ದಿನ?"

"ನಿನ್ನೆ ಬೆಳಿಗ್ಗೆ."

"ಹಾಗಾದ್ರೆ ಸಮಯ ಇದೆ. ನಾಲ್ಕು ದಿನ ಬಿಟ್ಟು ಬಂದಿದ್ದರೆ ನಾನು ಇಷ್ಟು ಧೈರ್ಯದಿಂದ ಮಾತಾಡ್ತಿರಲಿಲ್ಲ."

ನಾಲ್ಕು ದಿನ. ಮೂರು ಸಂಜೆ ಮೊದಲಿಂದ, ಐದು ದಿನ ಸ್ನಾನ ಇಲ್ಲ, ಇಂಗ್ಲಿಷ್ ಮದ್ದು ಇಲ್ಲ. ಆ ಕ್ಯಾಂಟೀನಿನವನ ಅಜ್ಜ ಕಣ್ಣು ಹೋಗಲು ಎಷ್ಟು ದಿನ ಬೇಕೋ ಸರಿಯಾಗಿ ಅಷ್ಟೇ ದಿನದ ನಿಯಮ ಮಾಡಿಟ್ಟಿದ್ದ.

ದಿನಕ್ಕೆ ಐದು ಸಲ ಮಾತ್ರೆ, ಕಣ್ಣಿಗೆ ಮುಲಾಮು. ವಾರದಲ್ಲಿ ಗುಳ್ಳೆ ಒಣಗಿದವು. ಉರಿ ಮಾತ್ರ ತಿಂಗಳುಗಟ್ಟಲೆ ಇತ್ತು. ಕೂದಲು ಬಾಚಿದರೂ ಅಳುವಷ್ಟು. ಹುಬ್ಬಿನಲ್ಲಿ ಒಂದು ಕಲೆ ಉಳಿದಿದೆ. ಕಣ್ಣು ಉಳಿಯಿತು. ಸಂಜೆ ಟ್ಯೂಬ್‌ಲೈಟಿನ ಸುತ್ತ ಮಂಜು ಕಟ್ಟಿದ ಹಾಗೆ ಕಾಣುತ್ತದಂತೆ, ಅಷ್ಟೇ. ಆ ವರ್ಷ ಪಂಚಮಿಗೆ ಎರೆದ ಹಾಲಿಗೆ ಇಷ್ಟಾದರೂ ಸಿಕ್ಕಿತಲ್ಲ ಎಂದು ನಾನು ನಾಗನಿಗೆ ತಪ್ಪುಕಾಣಿಕೆ ಇಟ್ಟೆ, ನಮ್ಮವರೆಲ್ಲ ಹೊರಿಸಿದ ಅಪವಾದಕ್ಕೆ.

ನಮ್ಮ ಬಿಲ್ಡಿಂಗಿನಲ್ಲಿಯೂ ನಿಜ ಹೇಳಿದೆ. ಒಬ್ಬಳಾದರೂ ಮುಖ ಸಣ್ಣ ಮಾಡಿಯಾಳು ಎಂದುಕೊಂಡರೆ, "ಅಸೂ ದೇ ವಹಿನಿ, ಆಮ್ಹಾಲಾ ಗುಣ್ ಆಲಾ ನಾ" ಎಂದು ಮತ್ತೆ ಬೆನ್ನು ತಿರುಗಿಸಿದರು. ಇರಲಿ ಬಿಡಿ, ನಮಗೆ ವಾಸಿಯಾಯಿತಲ್ಲ ಎಂದು. ಬಿಸಿನೀರಿನ ಚೀಲ ಇಟ್ಟುಕೊಳ್ಳಿ ಎಂದು ಬಾಗಿಲು ಹಾಕಿದೆ. ಈಗ ಅವರು ಹಿಂದಿನ ಬಿಲ್ಡಿಂಗಿನಲ್ಲಿ ಇನ್ನೊಬ್ಬಳನ್ನು ಹುಡುಕಿಕೊಂಡಿದ್ದಾರೆ. ಅವಳ ತಾಯಿ ಬದುಕಿಲ್ಲ, ಹಾಗಾಗಿ ಕೇಳಿ ನೋಡುವ ಉಪಾಯವೂ ಇಲ್ಲ.

ಚಳಿಗಾಲದಲ್ಲಿ ಬ್ಲೌಸಿನ ಅಳತೆ ಕೊಡಲು ಕೋಪರಿಗೆ ಹೋಗಿದ್ದೆ. ಓರಗಿತ್ತಿ ಮಿಷಿನ್ನಿನ ಮುಂದೆ ಕೂತಿದ್ದಳು.

"ಆ ಎಣ್ಣೆ ಎಂತ ಮಾಡಿದೆ ಅಕ್ಕ?"

"ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ ಮಾರಾಯ್ತಿ. ಮಿಷಿನ್ನಿಗೆ ನಾಲ್ಕು ಹನಿ ಬಿಟ್ಟೆ. ಎರಡೇ ದಿನದಲ್ಲಿ ಚಕ್ರ ಹಿಡ್ಕೊಂಡಿತು. ರಿಪೇರಿಯವ ಬಂದು ಎಲ್ಲ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳ್ದ. ಯಾರು ಹೇಳಿದ್ದು ಇದನ್ನು ಹಾಕ್ಲಿಕ್ಕೆ ಅಂತ ನಂಗೇ ಬೈದ."

ಒಳಕೋಣೆಯಲ್ಲಿ ಭಾವ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು, "ಡಾಕ್ಟ್ರದ್ದು ಎಂತ ಇಲ್ಲ, ಒಂದೇ ದಿನದ ಎಣ್ಣೆಗೆ ಹೆಡೆ ಬಗ್ಗಿತ್ತು. ಇದು ನಮ್ಮ ಮನೆಯಲ್ಲೇ ಆದದ್ದು. ಹೆಸರು ಹೇಳ್ಲಿಕ್ಕಿಲ್ಲ, ಹ್ಞಾ, ಅದೇ, ಸುತ್ತುದು..."

ಓರಗಿತ್ತಿ ಕೇಳಿಸಿಕೊಂಡಳೋ ಇಲ್ಲವೋ, ಮುಖದಲ್ಲಿ ಏನೂ ಕಾಣಲಿಲ್ಲ. ಹೊಸ ದಾರ ಎಳೆದು, ತುದಿಯನ್ನು ನಾಲಗೆಗೆ ತಾಗಿಸಿ, ಬಗ್ಗಿ ಮಿಷಿನ್ನಿನ ಸೂಜಿಗೆ ಹಿಡಿದಳು. ಮೊದಲನೇ ಸಲ ತಪ್ಪಿತು. ಎಡಗಣ್ಣು ಮುಚ್ಚಿ, ಉಳಿಸಿಕೊಂಡ ಆ ಬಲಗಣ್ಣೊಂದರಿಂದಲೇ ನೋಡುತ್ತಾ ಎರಡನೇ ಸಲ ತಳ್ಳಿದಳು. ದಾರ ಆಚೆ ಬಂತು. ಅದನ್ನು ಎಳೆದುಕೊಂಡು, ನನ್ನ ಕಡೆ ನೋಡದೆ, ಬಲವಾಗಿ ಪೆಡಲು ತುಳಿದಳು. ಭಾವನ ದನಿ ಆ ಸದ್ದಿನಲ್ಲಿ ಕೇಳಿಸದಾಯಿತು.